ಮನೆಯವರನ್ನು ಕೇಳಿದ ಪ್ರಶ್ನೆಗಳು

ಹೋದ ಮಳೆಗಾಲದಲ್ಲಿ ನನಗೊಂದು ಅನುವಾದದ ಕೆಲಸ ಬಂತು. ನಾಲ್ಕು ಪುಟದ ಪ್ರಶ್ನಾವಳಿ, ಇಂಗ್ಲಿಷಿನಿಂದ ಕನ್ನಡಕ್ಕೆ. ಸ್ಕಿಜೋಫ್ರೇನಿಯಾ ಇರುವವರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವವರಿಗೆ ಕೇಳಬೇಕಾದ ಪ್ರಶ್ನೆಗಳು. ಪುಟಕ್ಕಿಷ್ಟು ಅಂತ ದುಡ್ಡು. ಎರಡು ದಿನದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ. ಮೊದಲ ಪುಟದ ತಲೆಬರಹದಲ್ಲೇ ಸಿಕ್ಕಿಬಿದ್ದೆ. ಅಲ್ಲಿ ‘ಬರ್ಡನ್’ ಅಂತ ಇತ್ತು.

ಭಾರ ಅನ್ನಲೇ, ಹೊರೆ ಅನ್ನಲೇ? ನಿಘಂಟಿಗೆ ಎರಡೂ ಒಂದೇ. ಆದರೆ ‘ಅವನು ನಮಗೆ ಭಾರ’ ಅಂದರೆ ಕನ್ನಡದಲ್ಲಿ ಅದು ದೂರು. ಹೇಳಿದವರ ಮೇಲೇ ತಿರುಗಿ ಬೀಳುವ ದೂರು. ಹೊರೆ ಸ್ವಲ್ಪ ವಾಸಿ. ಹುಲ್ಲಿನ ಹೊರೆ, ಸೌದೆ ಹೊರೆ ಇದ್ದಹಾಗೆ ಅದನ್ನು ಯಾರೋ ಹೊತ್ತಿರುತ್ತಾರೆ, ಒಂದಲ್ಲ ಒಂದು ಕಡೆ ಇಳಿಸಿರುತ್ತಾರೆ ಅನ್ನುವ ಧ್ವನಿ ಅದರಲ್ಲಿದೆ.

ಇಂಥ ಹೊತ್ತಿನಲ್ಲಿ ನಾನು ಅನುವಾದವನ್ನು ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳುತ್ತೇನೆ. ಈ ವಿಷಯಕ್ಕೆ ನನಗೆ ಗೊತ್ತಿದ್ದವರು ನನ್ನ ದೊಡ್ಡಮ್ಮ. ಉಡುಪಿ ಜಿಲ್ಲೆಯ ಕೋಟದ ಹತ್ತಿರದವರು. ಮದುವೆಯಾಗಿ ವಡೋದರಾಕ್ಕೆ ಹೋಗಿ ನಲವತ್ತು ವರ್ಷ ದಾಟಿತು. ಅವರ ಎರಡನೇ ಮಗ, ನನಗೆ ಅಣ್ಣನಾಗಬೇಕು, ಸೂರತ್ತಿನಲ್ಲಿ ಸೀರೆ ವ್ಯಾಪಾರಿಯೊಬ್ಬರ ಲೆಕ್ಕ ಬರೆಯುತ್ತಿದ್ದಾಗ, ಇಪ್ಪತ್ತೆರಡರ ವಯಸ್ಸಿನಲ್ಲಿ ಕಾಯಿಲೆ ಬಿದ್ದ. ಈಗ ಅವನಿಗೆ ನಲವತ್ತು. ನಾನು ಫೋನಿನಲ್ಲಿ ಮೊದಲ ಸಾಲು ಓದಿದ್ದೇ ತಡ ದೊಡ್ಡಮ್ಮ, “ಹೆತ್ತ ಮಗ ಭಾರ ಅಂತ ಯಾರಾದ್ರೂ ಹೇಳ್ತ್ರಾ ಮರಾಯ್ತಿ?” ಅಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಕೇಳಿದರು: “ಅಲ್ಲ, ಇದನ್ನೆಲ್ಲ ಈಗ ಯಾರು ಕೇಳ್ತಿದ್ದಾರೆ?”

ನನ್ನಲ್ಲಿ ಉತ್ತರ ಇರಲಿಲ್ಲ. ಮನೆಯವರನ್ನು ಯಾರು, ಯಾವಾಗಿನಿಂದ, ಏನು ಕೇಳುತ್ತ ಬಂದಿದ್ದಾರೆ ಅಂತ ಹುಡುಕಿಕೊಂಡು ಹೋದೆ. ಪ್ರಶ್ನಾವಳಿಯನ್ನು ಎರಡು ದಿನದ ಬದಲು ಇಪ್ಪತ್ತು ದಿನ ತಡವಾಗಿ ಕೊಟ್ಟೆ.

*

ಅಹಮದಾಬಾದಿನ ಹಳೇ ಊರಿನ ಕೋಟೆಬಾಗಿಲುಗಳಲ್ಲಿ ಒಂದು ದಿಲ್ಲಿ ದರವಾಜಾ. ಅದರ ಹೊರಗೆ, ಶಾಹಿಬಾಗ್ ಕಡೆ ಹೋಗುವ ರಸ್ತೆಯಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. ಶುರುವಾದದ್ದು 1863ರಲ್ಲಿ. ಧಾರವಾಡದ ಹುಚ್ಚರ ಆಸ್ಪತ್ರೆ, ಇವತ್ತಿನ ಡಿಮ್ಹಾನ್ಸ್, ಇನ್ನೂ ಹಳೆಯದು. ಅದು ತನ್ನ ಹುಟ್ಟನ್ನು 1845ರಿಂದ ಎಣಿಸುತ್ತದೆ. ಎರಡೂ ಮುಂಬಯಿ ಪ್ರಾಂತ್ಯದವು. ಕೊಲಾಬಾ, ಪುಣೆ, ಧಾರವಾಡ, ಅಹಮದಾಬಾದು, ಸಿಂಧದ ಹೈದರಾಬಾದು, ಎಲ್ಲದರ ಲೆಕ್ಕವೂ ಸರ್ಕಾರಕ್ಕೆ ಹೋಗುತ್ತಿದ್ದದ್ದು ಒಂದೇ ವಾರ್ಷಿಕ ವರದಿಯಲ್ಲಿ. ಹುಬ್ಬಳ್ಳಿ ಕಡೆಯ ಒಬ್ಬ ನೇಕಾರನೂ ಖೇಡಾ ಕಡೆಯ ಒಬ್ಬ ರೈತನೂ ಒಂದೇ ಕೋಷ್ಟಕದ ಎರಡು ಅಂಕಿಗಳಾಗಿರುತ್ತಿದ್ದರು.

ಆ ಕೋಷ್ಟಕಗಳಲ್ಲಿ ಜಾತಿ, ಕಸುಬು, ಊಟದ ಖರ್ಚು ಇವಕ್ಕೆಲ್ಲ ಕಾಲಂ ಇತ್ತು. ಹುಚ್ಚಿಗೆ ಕಾರಣ ಏನು ಅನ್ನುವುದಕ್ಕೂ ಒಂದು. ಅಲ್ಲಿ ಮತ್ತೆ ಮತ್ತೆ ಬರುವ ಪದ ಗಾಂಜಾ. 1893–94ರಲ್ಲಿ ಬ್ರಿಟಿಷ್ ಸರ್ಕಾರ ಗಾಂಜಾ, ಭಂಗಿ, ಚರಸ್ಸಿನ ವಿಚಾರಣೆಗೆ ಆಯೋಗವೊಂದನ್ನು ನೇಮಿಸಿದಾಗ ಆಯೋಗ ಈ ಕಾಲಮ್ಮನ್ನೂ ಕೆದಕಿ ನೋಡಿತು. ನಂಬುವಂತಿಲ್ಲ ಎಂಬ ತೀರ್ಮಾನಕ್ಕೆ ಬಂತು: ಕಾರಣವನ್ನು ಬಹುಪಾಲು ಪೊಲೀಸರು ತಂದ ಕಾಗದದಿಂದಲೇ ಇಳಿಸಿಕೊಂಡಿದ್ದರು. ಮಗನ ಜೊತೆ ಇಪ್ಪತ್ತು ವರ್ಷ ಬದುಕಿದ ತಾಯಿಗಿಂತ ಸಂತೆಯಲ್ಲಿ ಅವನನ್ನು ಹಿಡಿದ ಪೇದೆಯ ಮಾತಿಗೆ ಬೆಲೆ ಇತ್ತು ಅಂತಾಯಿತು.

ಹಾಗಂತ ಕಾನೂನು ಮನೆಯವರನ್ನು ಪೂರ್ತಿ ಮರೆತಿರಲಿಲ್ಲ. 1858ರ 36ನೇ ಕಾಯ್ದೆಯ ಪ್ರಕಾರ, ಬೀದಿ ಅಲೆಯುವ ಅಥವಾ ಅಪಾಯಕಾರಿ ಎನಿಸಿದ ಹುಚ್ಚರನ್ನು ಪೊಲೀಸರು ಮ್ಯಾಜಿಸ್ಟ್ರೇಟರ ಮುಂದೆ ತರಬೇಕು. ವೈದ್ಯರ ಸರ್ಟಿಫಿಕೇಟಿನ ಮೇಲೆ ಅವರು ಆಸ್ಪತ್ರೆಗೆ ಕಳಿಸಬಹುದು. ಮನೆಯವರು ಇದರಲ್ಲಿ ಎರಡು ಕಡೆ ತಲೆ ತೋರಿಸುತ್ತಾರೆ. ಇವನನ್ನು ಸರಿಯಾಗಿ ನೋಡಿಕೊಳ್ಳುತ್ತೇನೆ, ಇವನಿಂದ ಯಾರಿಗೂ ಕೇಡಾಗದ ಹಾಗೆ ತಡೆಯುತ್ತೇನೆ ಎಂದು ಬರೆದುಕೊಟ್ಟು ಕರೆದುಕೊಂಡು ಹೋಗುವ ಜಾಮೀನುದಾರರಾಗಿ ಒಂದು ಕಡೆ. ಕಡೆಗಣಿಸಿದ, ಹಿಂಸಿಸಿದ ಆಪಾದಿತರಾಗಿ ಇನ್ನೊಂದು ಕಡೆ. 1912ರ ಕಾಯ್ದೆ ಇವೆರಡನ್ನೂ ಉಳಿಸಿಕೊಂಡು ಅರ್ಜಿದಾರ ಎಂಬ ಮೂರನೇ ವೇಷವನ್ನು ವಿವರವಾಗಿ ಹೊಲಿಯಿತು. ಗಂಡನೋ ಹೆಂಡತಿಯೋ ಬಂಧುವೋ ಅರ್ಜಿ ಹಾಕಬೇಕು, ಹಾಕುವ ಮುಂಚಿನ 14 ದಿನಗಳೊಳಗೆ ರೋಗಿಯನ್ನು ಕಣ್ಣಾರೆ ಕಂಡಿರಬೇಕು, ಜೊತೆಗೆ ಇಬ್ಬರು ವೈದ್ಯರ ಸರ್ಟಿಫಿಕೇಟು ಇರಬೇಕು. ಈ ಕಾಯ್ದೆ ಕೊನೆಗೂ ಮೂಲೆಗೆ ಸರಿದದ್ದು 1987ರ ಮಾನಸಿಕ ಆರೋಗ್ಯ ಕಾಯ್ದೆ 1993ರಲ್ಲಿ ಜಾರಿಗೆ ಬಂದಾಗ. ದೊಡ್ಡಮ್ಮ ವಡೋದರಾಕ್ಕೆ ಹೋದಾಗ ದೇಶದಲ್ಲಿ ಇನ್ನೂ 1912 ನಡೆಯುತ್ತಿತ್ತು.

ವಡೋದರಾ ಬ್ರಿಟಿಷರದ್ದಲ್ಲ, ಗಾಯಕವಾಡರ ಸಂಸ್ಥಾನ. ಅಲ್ಲಿನ ಕಾರೇಲಿಬಾಗಿನ ಮಾನಸಿಕ ಆಸ್ಪತ್ರೆ ಸಯಾಜಿರಾವ್ ಅರಸರ ಕಾಲದ್ದು, 1898ರಲ್ಲಿ ಆರಂಭವಾದದ್ದು. ನಮ್ಮ ಮೈಸೂರು ಸಂಸ್ಥಾನದ ಹುಚ್ಚಾಸ್ಪತ್ರೆ 1925ರಲ್ಲಿ ಹೆಸರು ಬದಲಿಸಿಕೊಂಡು ಮೆಂಟಲ್ ಹಾಸ್ಪಿಟಲ್ ಆಯಿತು. 1930ರ ದಶಕದಲ್ಲಿ ಇಂದಿನ ಹೊಸೂರು ರಸ್ತೆಯ ವಿಶಾಲ ಆವರಣಕ್ಕೆ ಬಂತು. 1954ರಲ್ಲಿ ಅದರ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಸೂರತ್ತಿಗೆ ಮಾತ್ರ ಇಂಥ ಆಸ್ಪತ್ರೆ ಬರಲೇ ಇಲ್ಲ. ಇವತ್ತಿಗೂ ಗುಜರಾತಿನ ನಾಲ್ಕು ಸರ್ಕಾರಿ ಮಾನಸಿಕ ಆಸ್ಪತ್ರೆಗಳು ಇರುವುದು ಅಹಮದಾಬಾದು, ವಡೋದರಾ, ಜಾಮ್‌ನಗರ, ಭುಜ್‌ನಲ್ಲಿ. ಸೂರತ್ತಿನಲ್ಲಿ ಈಗ ದೊಡ್ಡಾಸ್ಪತ್ರೆಗಳ ಮನೋವೈದ್ಯ ವಿಭಾಗಗಳಿವೆ.

ಆದರೆ ಆಸ್ಪತ್ರೆಗಳ ಈ ವಂಶಾವಳಿ ಓದುತ್ತ ಕೂತರೆ ಹುಚ್ಚಿನ ಚರಿತ್ರೆ ಆಸ್ಪತ್ರೆಯ ಗೋಡೆಯೊಳಗೇ ನಡೆಯಿತು ಅನ್ನಿಸಿಬಿಡುತ್ತದೆ. 1946ರ ಭೋರ್ ಸಮಿತಿಯ ವರದಿ ಬಂದಾಗ ಸುಮಾರು 40 ಕೋಟಿ ಜನರ ದೇಶದಲ್ಲಿ ಮಾನಸಿಕ ರೋಗಿಗಳಿಗೆ ಇದ್ದದ್ದು ಸುಮಾರು 10,000 ಹಾಸಿಗೆ. ಸಾವಿರಕ್ಕೆ ಇಬ್ಬರಿಗೆ ತೀವ್ರ ಕಾಯಿಲೆ ಅಂತ ಕಂಜೂಸು ಲೆಕ್ಕ ಹಾಕಿದರೂ 8 ಲಕ್ಷ ಜನ. ಮಿಕ್ಕ 7,90,000 ಮಂದಿ ಎಲ್ಲಿದ್ದರು? ಅಟ್ಟದ ಕೋಣೆಯಲ್ಲಿ, ಹಿತ್ತಿಲ ಜಗಲಿಯಲ್ಲಿ, ದೇವಸ್ಥಾನದ ಪ್ರಾಕಾರದಲ್ಲಿ, ದರ್ಗಾದ ಅಂಗಳದಲ್ಲಿ. ಅವರಿಗೆ ಅನ್ನ ಹಾಕುತ್ತ ಯಾರೋ ಇದ್ದರು. ಆ ಯಾರೋ ಅನ್ನುವವರಿಗೆ ಯಾವ ವರದಿಯಲ್ಲೂ ಕಾಲಂ ಇಲ್ಲ.

*

1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಒಂದು ಸರಳ ಕೆಲಸ ಮಾಡಿದರು. ರೋಗಿಯ ಜೊತೆ ಬಂದವರನ್ನು ಗೇಟಿನಿಂದಲೇ ವಾಪಸು ಕಳಿಸುವ ಬದಲು ಆಸ್ಪತ್ರೆಯ ಬಯಲಿನಲ್ಲಿ ಡೇರೆ ಹಾಕಿಸಿ, ಇಲ್ಲೇ ಇರಿ, ಜೊತೆಗಿದ್ದು ನೋಡಿಕೊಳ್ಳಿ ಅಂದರು. ಸಂಜೆ ಎಲ್ಲರನ್ನೂ ಕೂರಿಸಿಕೊಂಡು ಕಾಯಿಲೆಯ ಬಗ್ಗೆ ಮಾತಾಡುತ್ತಿದ್ದರು. ಜೊತೆಗೆ ಮನೆಯವರಿದ್ದವರು ಬೇಗ ಚೇತರಿಸಿಕೊಂಡು ಊರಿಗೆ ಮರಳುತ್ತಿದ್ದರು. 1957ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರ ಆರಂಭವಾದಾಗ ಮನೆಯವರು ಜೊತೆಗೇ ಉಳಿಯುವುದು ಅಲ್ಲಿನ ಪದ್ಧತಿಯಾಯಿತು. ಬೆಂಗಳೂರಿಗೂ ಕುಟುಂಬ ವಾರ್ಡುಗಳು ಬಂದವು. ಪಶ್ಚಿಮದ ಆಸ್ಪತ್ರೆಗಳಲ್ಲಿ ಮನೆಯವರಿಗೆ ಭೇಟಿಯ ಸಮಯ ಮಾತ್ರ ಇದ್ದ ಕಾಲದಲ್ಲಿ ಇದು ನಿಜಕ್ಕೂ ದೊಡ್ಡ ಸಂಗತಿ.

ಇದನ್ನು ಭಾರತೀಯ ಕುಟುಂಬದ ಹಿರಿಮೆ ಅಂತ ಬರೆಯುವವರಿದ್ದಾರೆ. ನನಗೆ ಅದರಷ್ಟೇ ಮುಖ್ಯವಾಗಿ ಕಾಣುವುದು ಇನ್ನೊಂದು: ನರ್ಸುಗಳು ಸಾಲುತ್ತಿರಲಿಲ್ಲ. ಡೇರೆಯಲ್ಲಿದ್ದ ಅಕ್ಕ, ತಾಯಿ, ಹೆಂಡತಿ ಸಂಬಳವಿಲ್ಲದ ಸಿಬ್ಬಂದಿಯೂ ಆಗಿದ್ದರು. ವಿದ್ಯಾಸಾಗರರ ದೊಡ್ಡತನ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಆಗ ಮನೆಯವರನ್ನು ಕೇಳಿದ ಪ್ರಶ್ನೆ ಇಷ್ಟೇ: ಎಷ್ಟು ದಿನ ಇರುತ್ತೀರಿ?

ಅದೇ ಹೊತ್ತಿಗೆ ಮಾತ್ರೆ ಬಂತು. 1952ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಬಳಸಿದ ಕ್ಲೋರ್‌ಪ್ರೊಮಜೀನ್ ಕೆಲವೇ ವರ್ಷಗಳಲ್ಲಿ ನಮ್ಮ ಆಸ್ಪತ್ರೆಗಳಿಗೂ ತಲುಪಿತು. ರೋಗಿ ವರ್ಷಗಟ್ಟಲೆ ವಾರ್ಡಿನಲ್ಲಿರುವ ಬದಲು ವಾರಗಳಲ್ಲಿ ಮನೆಗೆ ಮರಳುವುದು ಸಾಧ್ಯವಾಯಿತು. ಮನೆಗೆ, ಅಂದರೆ ಮಾತ್ರೆ ಕೊಡುವವರ ಬಳಿಗೆ. ನಮ್ಮಣ್ಣ ಒಮ್ಮೆ ತಿಂಗಳಿಡೀ ಮಾತ್ರೆಗಳನ್ನು ನುಂಗಿದ ಹಾಗೆ ಮಾಡಿ ಬಾಲ್ಕನಿಯ ತುಳಸಿ ಕುಂಡದ ಮಣ್ಣಿನಲ್ಲಿ ಹೂತಿಟ್ಟಿದ್ದ. ಗೊತ್ತಾದದ್ದು ಮಣ್ಣು ಕೆದಕಿ ಗೊಬ್ಬರ ಹಾಕುವಾಗ. ಆ ದಿನದಿಂದ ದೊಡ್ಡಮ್ಮ ಅವನು ಮಾತ್ರೆ ನುಂಗಿ, ನೀರು ಕುಡಿದು, ಒಂದೆರಡು ಮಾತಾಡುವವರೆಗೆ ಎದುರಿಗೇ ಕೂತಿರುತ್ತಾರೆ. ಏನಾದರೂ ಮಾತಾಡಿಸಬೇಕಲ್ಲ, ದಿನಾ ರಾತ್ರಿ ಒಂಬತ್ತಕ್ಕೆ ನಾಳೆ ಏನು ತಿಂಡಿ ಮಾಡಲಿ ಅಂತ ಕೇಳುತ್ತಾರೆ.

*

ಮನೆಯವರ ಮೇಲೆ ಬಂದ ದೊಡ್ಡ ಆಪಾದನೆ ಅಮೆರಿಕದಿಂದ ಬಂತು. 1948ರಲ್ಲಿ ಫ್ರೀಡಾ ಫ್ರಾಮ್-ರೈಖ್‌ಮನ್ ಎಂಬ ಮನೋವಿಶ್ಲೇಷಕಿ ಮಗುವಿಗೆ ಸ್ಕಿಜೋಫ್ರೇನಿಯಾ ತರಿಸುವ ತಾಯಿ ಎಂಬ ಅರ್ಥದ ಪದವೊಂದನ್ನು ಚಲಾವಣೆಗೆ ತಂದರು. 1956ರಲ್ಲಿ ಗ್ರೆಗರಿ ಬೇಟ್ಸನ್ ಮತ್ತು ಸಂಗಡಿಗರು ಮನೆಯ ಇಬ್ಬಂದಿ ಮಾತುಗಳೇ ಮಗುವನ್ನು ಈ ಕಾಯಿಲೆಗೆ ತಳ್ಳುತ್ತವೆ ಎಂಬ ವಾದ ಮಂಡಿಸಿದರು. ಪುರಾವೆ ಸಿಗದೆ ಇವೆರಡೂ ಮುಂದೆ ಬಿದ್ದುಹೋದವು. ಅಷ್ಟರಲ್ಲಿ ಒಂದು ತಲೆಮಾರಿನ ತಾಯಂದಿರು ತಾವೇ ಅಪರಾಧಿಗಳು ಅಂತ ನಂಬಿಯಾಗಿತ್ತು. ನಮ್ಮಲ್ಲಿ ಆ ಸಿದ್ಧಾಂತ ಬೇಕೇ ಇರಲಿಲ್ಲ. ಸಾಕಿದ್ದು ಸರಿಯಿಲ್ಲ ಅನ್ನಲು ನೆರೆಹೊರೆಯವರೇ ಸಾಕಿತ್ತು.

ಕನ್ನಡದವರಿಗೆ ಈ ಲೋಕ ಮೊದಲು ಪರಿಚಯವಾದದ್ದು ಕತೆಯಲ್ಲಿ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರ ‘ಶರಪಂಜರ’, ಆಮೇಲೆ ಪುಟ್ಟಣ್ಣ ಕಣಗಾಲರ ಚಿತ್ರ. ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಮನೆಯೂ ಊರೂ ಹೇಗೆ ಮತ್ತೆ ಹುಚ್ಚಿಗೆ ತಳ್ಳುತ್ತವೆ ಎಂಬುದನ್ನು ನೋಡಿ ಅತ್ತವರಿಗೆ ಲೆಕ್ಕವಿಲ್ಲ. ಅದು ಬೇಕಾಗಿದ್ದ ಕತೆ. ಎಂ. ಶಿವರಾಂ, ಅದೇ ‘ಕೊರವಂಜಿ’ಯ ರಾಶಿ, ತಮ್ಮ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ನಿಮ್ಹಾನ್ಸಿನ ಡಾ. ಸಿ. ಆರ್. ಚಂದ್ರಶೇಖರ್ ಕನ್ನಡದಲ್ಲಿ ಬರೆದ ಪುಸ್ತಕಗಳು ಬಸ್‌ಸ್ಟ್ಯಾಂಡಿನ ಅಂಗಡಿಗಳವರೆಗೂ ಹೋದವು. ದೊಡ್ಡಮ್ಮನ ಕಪಾಟಿನಲ್ಲೂ ಒಂದಿದೆ, ಊರಿನಿಂದ ತರಿಸಿಕೊಂಡದ್ದು.

ಆಪಾದನೆಯ ಬೆನ್ನಿಗೇ ಹೊಗಳಿಕೆ ಬಂತು. ವಿಶ್ವ ಆರೋಗ್ಯ ಸಂಸ್ಥೆ 1960ರ ದಶಕದಲ್ಲಿ ಆಗ್ರಾ ಸೇರಿದಂತೆ ಒಂಬತ್ತು ದೇಶಗಳ ಕೇಂದ್ರಗಳಲ್ಲಿ ಸ್ಕಿಜೋಫ್ರೇನಿಯಾದ ಅಧ್ಯಯನ ಆರಂಭಿಸಿತು. ಭಾರತ, ನೈಜೀರಿಯಾ, ಕೊಲಂಬಿಯಾದ ರೋಗಿಗಳು ಶ್ರೀಮಂತ ದೇಶಗಳ ರೋಗಿಗಳಿಗಿಂತ ಚೆನ್ನಾಗಿ ಚೇತರಿಸಿಕೊಂಡಂತೆ ಕಂಡಿತು. ಕಾರಣ ಹುಡುಕಿದವರ ಬೆರಳು ಕುಟುಂಬದ ಕಡೆಗೆ ಹೋಯಿತು. 1987ರಲ್ಲಿ ಪ್ರಕಟವಾದ ಚಂಡೀಗಢದ ಅಧ್ಯಯನ, ಲಂಡನ್ನಿನವರಿಗೆ ಹೋಲಿಸಿದರೆ ನಮ್ಮ ಮನೆಯವರು ರೋಗಿಯನ್ನು ಕಡಿಮೆ ಟೀಕಿಸುತ್ತಾರೆ ಎಂದಿತು. ಈ ಹೋಲಿಕೆಗಳ ಬಗ್ಗೆ ಆಮೇಲೆ ಬಹಳ ತಕರಾರು ಎದ್ದಿತು, ಇರಲಿ. ನನ್ನ ತಕರಾರು ಬೇರೆ. ತಾಯಿಯೇ ಔಷಧಿ ಅಂತ ಒಮ್ಮೆ ಒಪ್ಪಿಕೊಂಡುಬಿಟ್ಟರೆ ಆ ಔಷಧಿ ರಾತ್ರಿ ನಿದ್ದೆ ಮಾಡಿತಾ ಅಂತ ಕೇಳುವ ಅಗತ್ಯ ಯಾರಿಗೂ ಕಾಣುವುದಿಲ್ಲ.

*

ಕೇಳಿದವರು ಬೆಂಗಳೂರಿನವರು. 1981ರಲ್ಲಿ ನಿಮ್ಹಾನ್ಸಿನ ಎಸ್. ಪೈ ಮತ್ತು ಆರ್. ಎಲ್. ಕಪೂರ್ ಬ್ರಿಟಿಷ್ ಮನೋವೈದ್ಯ ಪತ್ರಿಕೆಯೊಂದರಲ್ಲಿ ಒಂದು ಸಂದರ್ಶನ ಸೂಚಿಯನ್ನು ಪ್ರಕಟಿಸಿದರು. ಮಾನಸಿಕ ರೋಗಿಯ ಕುಟುಂಬದ ಮೇಲೆ ಬೀಳುವ ಹೊರೆಯನ್ನು ಅಳೆಯುವ ಸೂಚಿ. ನನ್ನ ಮೇಜಿನ ಮೇಲಿದ್ದ ನಾಲ್ಕು ಪುಟ ಅದರದ್ದೇ ಮರಿಮಗು. ಬೆಂಗಳೂರಿನ ಮನೆಗಳಲ್ಲಿ ಕನ್ನಡದಲ್ಲೋ ತಮಿಳು, ತೆಲುಗು, ಉರ್ದುವಿನಲ್ಲೋ ಆಡಿದ ಮಾತು ಇಂಗ್ಲಿಷಿಗೆ ಹೋಗಿ, ಪ್ರಪಂಚ ಸುತ್ತಿ, ಕನ್ನಡಕ್ಕೆ ತಿರುಗಿ ನನ್ನ ಕೈಗೆ ಬಂದಿತ್ತು.

ಕಪೂರ್ ಹೆಸರು ನೋಡಿ ನಾನು ದೊಡ್ಡಮ್ಮನಿಗೆ ಮತ್ತೆ ಫೋನ್ ಮಾಡಿದೆ. ಇವರು ಅದಕ್ಕೂ ಮುಂಚೆ, ಕಾರ್ಸ್ಟೇರ್ಸ್ ಎಂಬ ಸ್ಕಾಟಿಷ್ ಮನೋವೈದ್ಯರ ಜೊತೆ ಕೋಟದಲ್ಲೇ ಕೆಲಸ ಮಾಡಿದ್ದವರು. ಬ್ರಾಹ್ಮಣರು, ಬಂಟರು, ಮೊಗವೀರರ ಮನೆಮನೆಗೆ ಹೋಗಿ ಜನರ ಮನಸ್ಸಿನ ಆರೋಗ್ಯ ವಿಚಾರಿಸಿ, 1976ರಲ್ಲಿ ಅದನ್ನು ಪುಸ್ತಕವಾಗಿ ತಂದರು. ದೊಡ್ಡಮ್ಮನಿಗೆ ಪುಸ್ತಕ ಗೊತ್ತಿಲ್ಲ. “ಯಾರೋ ಡಾಕ್ಟರು ಬಂದು ತಲೆನೋವುಂಟಾ, ನಿದ್ದೆ ಬರ್ತದಾ ಅಂತ ಕೇಳ್ತಿದ್ರು, ನಮ್ಮಜ್ಜಿಗೆ ಅವರ ಮೇಲೆ ಭಾರೀ ನಗೆ” ಅಂದರು. ಅವರೇ ಇವರೋ, ಬೇರೆ ಯಾರೋ.

ಸೂಚಿಯಲ್ಲಿ 24 ಅಂಶಗಳು, ಆರು ಗುಂಪು. ಮೊದಲನೆಯದು ದುಡ್ಡು. ಅದಕ್ಕೆ ದೊಡ್ಡಮ್ಮ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ: ದೊಡ್ಡಪ್ಪನ ಪಿಂಚಣಿ, ಮಾರಿದ ಎರಡು ಬಳೆ, ಸೂರತ್ತಿನಿಂದ ಅವನನ್ನು ಕರೆತಂದಾಗಿನ ಸಾಲ. ಎರಡನೆಯದು ಮನೆಯ ದಿನಚರಿ ಕೆಡುವುದು. ಅದಕ್ಕೆ, ಇದೇ ನಮ್ಮ ದಿನಚರಿ, ಕೆಟ್ಟಿದೆ ಅನ್ನಲು ಹಳೆಯದು ನೆನಪಿರಬೇಕಲ್ಲ ಅಂದರು. ಉತ್ತರದ ಜಾಗದಲ್ಲಿದ್ದದ್ದು 0, 1, 2 ಎಂಬ ಮೂರು ಮನೆ. ಯಾವುದಕ್ಕೆ ಗುರುತು ಹಾಕಲಿ?

ಮೂರನೆಯದು ಬಿಡುವು, ಮನರಂಜನೆ. ನಾನು ಇದನ್ನು ಓದಿ ದಾಟಿಬಿಡೋಣ ಅಂದುಕೊಂಡಿದ್ದೆ. ಅವರು ಹೆಚ್ಚು ಮಾತಾಡಿದ್ದು ಇಲ್ಲೇ. ಉತ್ತರಾಯಣದ ದಿನ, ಜನವರಿ 14ಕ್ಕೆ, ಗುಜರಾತಿನಲ್ಲಿ ಮನೆಯೊಳಗೆ ಯಾರೂ ಇರುವುದಿಲ್ಲ. ಊರಿಗೆ ಊರೇ ತಾರಸಿಯ ಮೇಲೆ. ಗಾಳಿಪಟ, ಉಂಧಿಯೂ, ಚಿಕ್ಕಿ. ನಮ್ಮಣ್ಣನಿಗೆ ಬೇರೆ ತಾರಸಿಗಳಿಂದ ಬರುವ ಕೂಗೆಲ್ಲ ತನ್ನನ್ನೇ ಕರೆದ ಹಾಗೆ, ಬೈದ ಹಾಗೆ ಕೇಳಿಸುತ್ತದೆ. ಹದಿನೆಂಟು ವರ್ಷದಿಂದ ಆ ದಿನ ದೊಡ್ಡಮ್ಮ ಕಿಟಕಿ ಮುಚ್ಚಿ, ಟಿವಿ ಜೋರು ಹಾಕಿ ಅವನ ಜೊತೆ ಕೆಳಗೆ ಕೂರುತ್ತಾರೆ. ನವರಾತ್ರಿ ಇನ್ನೂ ಕಷ್ಟ. ವಡೋದರಾದ ಗರ್ಬಾ ಪ್ರಸಿದ್ಧ, ಒಂಬತ್ತು ರಾತ್ರಿ ಧ್ವನಿವರ್ಧಕ. ಅವನ ನಿದ್ದೆ ಕೆಟ್ಟರೆ ಕಾಯಿಲೆ ಕೆರಳುತ್ತದೆ. ಮೊದಲು ಅವರೂ ಚಣಿಯಾ-ಚೋಳಿ ತೊಟ್ಟು ಆಡುತ್ತಿದ್ದರಂತೆ. ನನಗೆ ಅದು ಗೊತ್ತೇ ಇರಲಿಲ್ಲ. “ಕೋಟದವಳು ಗರ್ಬಾ ಆಡೂದ್ ಕಂಡ್ ನಿನ್ನ ದೊಡ್ಡಪ್ಪ ನಗಾಡ್ತಿದ್ರ್” ಅಂದರು.

ನಾಲ್ಕನೆಯದು ಮನೆಯವರ ನಡುವಿನ ಸಂಬಂಧ, ಐದು ಮತ್ತು ಆರು ಉಳಿದವರ ದೇಹದ, ಮನಸ್ಸಿನ ಆರೋಗ್ಯ. ದೊಡ್ಡಣ್ಣ ಅಹಮದಾಬಾದಿಗೆ ಮನೆ ಮಾಡಿಕೊಂಡು ಹೋದ ಕಾರಣವನ್ನು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಪೈ ಮತ್ತು ಕಪೂರ್ ಅಳೆಯುವುದಕ್ಕೇ ನಿಲ್ಲಲಿಲ್ಲ ಎಂಬುದು ನನಗೆ ಈ ಚರಿತ್ರೆಯಲ್ಲಿ ಬಹಳ ಮುಖ್ಯವಾಗಿ ಕಂಡ ಸಂಗತಿ. 1982–83ರಲ್ಲಿ ಪ್ರಕಟವಾದ ಕೆಲಸದಲ್ಲಿ ಅವರು ಸ್ಕಿಜೋಫ್ರೇನಿಯಾ ರೋಗಿಗಳ ಎರಡು ಗುಂಪುಗಳನ್ನು ಹೋಲಿಸಿದರು. ಒಂದು ಗುಂಪಿಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ. ಇನ್ನೊಂದು ಗುಂಪಿನ ಮನೆಗಳಿಗೆ ತರಬೇತಾದ ನರ್ಸು ಹೋಗಿ ಆರು ತಿಂಗಳು ನೋಡಿಕೊಂಡರು. ಮನೆಯಲ್ಲಿದ್ದವರು ಹೆಚ್ಚು ಚೇತರಿಸಿಕೊಂಡರು, ಕುಟುಂಬದ ಹೊರೆ ಇಳಿಯಿತು, ಖರ್ಚೂ ಕಡಿಮೆ. ನಲವತ್ತು ವರ್ಷದ ಹಿಂದೆ, ಬೆಂಗಳೂರಿನಲ್ಲಿ! ಸೂಚಿ ಊರೂರಿಗೆ ಹೋಯಿತು. ಮನೆಗೆ ಬರುವ ನರ್ಸು ಮಾತ್ರ ದೊಡ್ಡಮ್ಮನ ಬಾಗಿಲಿಗೆ ಇದುವರೆಗೆ ಬಂದಿಲ್ಲ.

*

ಯಾರೂ ಕೇಳದಿದ್ದಾಗ ಮನೆಯವರೇ ಮಾತಾಡಿದ್ದೂ ಇದೆ. 1970ರಲ್ಲಿ ಜಾನ್ ಪ್ರಿಂಗಲ್ ಎಂಬ ತಂದೆ ಹೆಸರು ಹಾಕದೆ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ತನ್ನ ಮಗನ ಕಾಯಿಲೆಯ ಬಗ್ಗೆ ಬರೆದರು. ಬಂದ ಪತ್ರಗಳ ರಾಶಿಯಿಂದಲೇ ಅಲ್ಲಿ ಕುಟುಂಬಗಳ ಸಂಘಟನೆ ಹುಟ್ಟಿತು. ಬೆಂಗಳೂರಿನಲ್ಲಿ ಇಂಥದೇ ಮನೆಗಳವರು ಸೇರಿ ‘ಅಮೆಂಡ್’ ಕಟ್ಟಿಕೊಂಡರು. ಮಂಗಳೂರಿನಲ್ಲಿ ಹುಟ್ಟಿದ ಡಾ. ಶಾರದಾ ಮೆನನ್ 1984ರಲ್ಲಿ ಚೆನ್ನೈಯಲ್ಲಿ ಸ್ಕಾರ್ಫ್ ಸಂಸ್ಥೆ ಆರಂಭಿಸಿದರು. ಜಪಾನಿನಲ್ಲಂತೂ ಕುಟುಂಬಗಳ ಒಕ್ಕೂಟ ಕಾಯಿಲೆಯ ಹೆಸರನ್ನೇ ಬದಲಾಯಿಸಿ ಅಂತ ಹಟ ಹಿಡಿಯಿತು. ‘ಸೀಳಿದ ಮನಸ್ಸಿನ ರೋಗ’ ಎಂಬರ್ಥದ ಹಳೇ ಪದ ಹೋಗಿ 2002ರಲ್ಲಿ ಹೊಂದಾಣಿಕೆ ತಪ್ಪಿದೆ ಎಂಬರ್ಥದ ಹೊಸ ಪದ ಬಂತು. ನಮ್ಮ ‘ಇಚ್ಛಿತ್ತ ವಿಕಲತೆ’ಯಲ್ಲೂ ಇಬ್ಬಗೆ, ಇಮ್ಮಡಿಗಳಲ್ಲಿರುವ ಅದೇ ‘ಎರಡು’ ಕೂತಿದೆ. ಯಾರ ಮನೆಯಲ್ಲೂ ಆ ಪದ ಬಳಕೆಯಲ್ಲಿಲ್ಲವಾದ್ದರಿಂದ ನಾನು ಸ್ಕಿಜೋಫ್ರೇನಿಯಾ ಅಂತಲೇ ಉಳಿಸಿಕೊಂಡೆ.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದು ಸರಪಳಿಯಲ್ಲಿದ್ದ 28 ಜನ ಸತ್ತಾಗ ದೇಶ ಮನೆಯವರನ್ನು ಬೈದಿತು. ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾದಲ್ಲಿ ಬೇರೆ ದಾರಿ ಹಿಡಿದರು: ಪ್ರಾರ್ಥನೆಯೂ ಇರಲಿ, ಔಷಧಿಯೂ ಇರಲಿ ಎಂದು ದರ್ಗಾದಲ್ಲೇ ಮನೋವೈದ್ಯರನ್ನು ಕೂರಿಸಿದರು. ದವಾ-ದುವಾ ಅಂತ ಅದರ ಹೆಸರು. ಮುಂದೆ ಗುಜರಾತಿನ ಸರ್ಕಾರಿ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ವಾಲಿಟಿರೈಟ್ಸ್ ಪ್ರಯೋಗ ನಡೆಯಿತು. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ರೋಗಿಗಳ ಅನುಭವದ ಜೊತೆಗೆ ನೋಡಿಕೊಳ್ಳುವವರ ಹೊರೆಯನ್ನೂ ಅಳೆದಿದ್ದಾರೆ; ಅದು ಸ್ವಲ್ಪ ಇಳಿದಿತ್ತು.

ಕಾನೂನಿಗೂ ಈಗ ಆ ಪದ ಗೊತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತಾಡುತ್ತದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಆರೈಕೆದಾರ ಅಂದರೆ ಯಾರು ಅಂತ ವ್ಯಾಖ್ಯಾನಿಸುತ್ತದೆ: ರೋಗಿಯ ಜೊತೆ ವಾಸಿಸುತ್ತ ಆರೈಕೆಯ ಹೊಣೆ ಹೊತ್ತವರು, ಸಂಬಳಕ್ಕೋ ಸುಮ್ಮನೆಯೋ. ತನ್ನ ಪ್ರತಿನಿಧಿ ಯಾರಾಗಬೇಕು ಅಂತ ರೋಗಿಯೇ ಬರೆದುಕೊಡಬಹುದು; ಅದು ಮನೆಯವರೇ ಆಗಬೇಕೆಂದಿಲ್ಲ. ಕೆಲವು ಕುಟುಂಬಗಳಿಗೆ ಇದು ನೋವಾಗಿದೆ. ನನಗೆ ನ್ಯಾಯ ಅನ್ನಿಸುತ್ತದೆ, ದೊಡ್ಡಮ್ಮನ ಮುಂದೆ ಹೇಳುವ ಧೈರ್ಯ ಇಲ್ಲ.

ಪೈ–ಕಪೂರರ ಸೂಚಿಯ ಕೊನೆಯಲ್ಲಿ ಎಣಿಕೆಗೆ ಸೇರದ ಒಂದು ಪ್ರಶ್ನೆ ಇದೆ. ಒಟ್ಟಾರೆ ನಿಮಗೆ ಎಷ್ಟು ಕಷ್ಟವಾಗಿದೆ ಅಂತ ಮನೆಯವರನ್ನೇ ನೇರವಾಗಿ ಕೇಳುವುದು. ಮೂರರಲ್ಲಿ ಒಂದು ಉತ್ತರ. ನನ್ನ ನಾಲ್ಕು ಪುಟದಲ್ಲೂ ಅದು ಕೊನೆಗೇ ಇತ್ತು. ಓದಿದೆ. ಆ ಕಡೆ ಸದ್ದಿಲ್ಲ. ಲೈನು ಕಟ್ಟಾಯಿತೇನೋ ಅಂತ ಎರಡು ಸಲ ದೊಡ್ಡಮ್ಮಾ ಅಂದೆ.

“ಒಂಬತ್ತಾಯ್ತ್. ಅವನಿಗೆ ಮಾತ್ರೆ ಕೊಡ್ಕ್” ಅಂದರು. “ಆ ಪ್ರಶ್ನೆ ಹಾಂಗೇ ಇರ್ಲಿ, ತೆಗೀಬೇಡ. ನಾಳೆ ಮಾಡು.”